ಬೆಳಕಿಗೆ ಮೊಳ ಹಾಕಿದವರು

ನಮ್ಮ ಜಿಲ್ಲೆಯಲ್ಲಿ ಏನನ್ನೇ ಅಳೆಯಲು ಹೊರಡಲಿ, ಅಳತೆ ಸಿಗುವುದಕ್ಕಿಂತ ಮೊದಲು ನಗೆ ಸಿಗುತ್ತದೆ. ಇದು ಹಿಂದಿನಿಂದ ನಡೆದುಕೊಂಡು ಬಂದದ್ದು. ತುರುವನೂರಿನಲ್ಲಿ ನಮ್ಮ ದೊಡ್ಡಪ್ಪನ ಹೊಲ ಅಳೆಯಲು ಬಂದ ಸರ್ವೇಯವರು ತಮ್ಮ ಸರಪಳಿಯನ್ನು ಜೋಳದ ಸಾಲಿನಲ್ಲಿ ಕಳೆದುಕೊಂಡು, ಅದು ಎಷ್ಟು ದೂರದಲ್ಲಿ ಬಿದ್ದಿರಬಹುದೆಂದು ಅಳೆಯಲು ಇನ್ನೊಂದು ಸರಪಳಿ ತರಿಸಿದ್ದರು. ನನ್ನ ಮದುವೆಯ ದರ್ಜಿ ಅಳತೆಯನ್ನು ನನ್ನಿಂದ ತೆಗೆದುಕೊಂಡು ಕೋಟನ್ನು ನಮ್ಮ ಮಾವನವರಿಗೆ ಆಗುವಂತೆ ಹೊಲಿದಿದ್ದ. ಇಂಥ ನೆಲದಲ್ಲಿ ಹುಟ್ಟಿದ ನಾನು ಬೆಳಕನ್ನೇ ಅಳೆದವನು ಅಂದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಬರದಿದ್ದರೆ ಚಿಂತೆಯಿಲ್ಲ. ನಮ್ಮ ಮನೆಯವಳಿಗೂ ಇನ್ನೂ ಬಂದಿಲ್ಲ.

ಮೊನ್ನೆ ನನ್ನ ಅಣ್ಣನ ಮಗ ಪೇಪರು ಹಿಡಿದುಕೊಂಡು ಬಂದ.

"ಚಿಕ್ಕಪ್ಪ, ಹೊರದೇಶದಾಗೆ ನೇರಳೆ ಬಣ್ಣಕ್ಕಿಂತ ಎಷ್ಟೋ ಆಚೆ ಇರೋ ಬೆಳಕನ್ನ ಅಳೆದವರಂತೆ. ಕಣ್ಣಿಗೆ ಕಾಣಲ್ಲ, ಗಾಳಿಗೆ ಬಿಟ್ರೆ ಗಾಳಿನೇ ಅದನ್ನ ನುಂಗ್ತೈತಂತೆ. ಹುಟ್ಟಿದ್ದು ಗೊತ್ತಾಗೋದ್ರೊಳಗೆ ಸತ್ತಿರ್ತೈತಂತೆ."

"ಹೆಂಗೆ ಅಳೆದ್ರಂತೆ?"

"ಒಂದು ಬೆಳಕನ್ನ ಸೀದಾ ಬಿಟ್ಟು, ಇನ್ನೊಂದನ್ನ ಒಂಚೂರು ಸುತ್ತಿಸಿ ತಂದು, ಎರಡೂ ಭೇಟಿ ಆಗ್ತಾವೋ ಇಲ್ಲೋ ನೋಡ್ತಾರಂತೆ."

ನಾನು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡೆ. "ಅದನ್ನ ನಾವು ದುರ್ಗದಾಗೆ ಎಪ್ಪತ್ತರ ದಶಕದಲ್ಲೇ ಮಾಡಿ ಮುಗಿಸಿದ್ವಿ ಕಣೋ. ಅವರು ಕೂದಲೆಳೆಯಷ್ಟು ಸುತ್ತಿಸ್ತಾರೆ, ನಾವು ಮೊಳದ ಲೆಕ್ಕದಾಗೆ ಸುತ್ತಿಸಿದ್ವಿ. ಮಿಕ್ಕಿದ್ದೆಲ್ಲ ನಮ್ಮದೇ."

ಅವನು ನಕ್ಕ. ಅವನ ನಗೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

೧. ಪ್ರಿನ್ಸಿಪಾಲರ ತೇಜಸ್ಸು

ನಾನಾಗ ದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಲೆಕ್ಚರರು ಮಾಡಿದ ತಪ್ಪಿಗೂ ಅಟೆಂಡರು ಮಾಡಿದ ತಪ್ಪಿಗೂ ನಡುವೆ ನಿಂತು ಬೈಸಿಕೊಳ್ಳುವ ಹುದ್ದೆ ಅದು. ನಮ್ಮ ವಿಭಾಗದ ಪ್ರೊಫೆಸರು ಬರುವ ಬೇಸಿಗೆಗೆ ನಿವೃತ್ತರಾಗುವವರು. ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಹೋಗುವ ಮೊದಲು ಒಂದು ಲೇಸರ್ ಮಾಡಿಯೇ ಹೋಗಬೇಕು ಅಂತ ಹಟ ಹಿಡಿದು, ವರಾಂಡದ ಕೊನೆಯ ಕತ್ತಲೆ ಕೋಣೆಯಲ್ಲಿ ಅದನ್ನು ಮಾಡಿಯೂ ಬಿಟ್ಟಿದ್ದರು. ಹೊಸದುರ್ಗದ ಪಾತ್ರೆ ಅಂಗಡಿಯಿಂದ ತಂದ ಎರಡು ಅಲ್ಯೂಮಿನಿಯಂ ಪಟ್ಟಿಗಳು ಎದುರುಬದುರು, ನಡುವೆ ಸಾರಜನಕ, ಹಿಂದಿನಿಂದ ಸಾವಿರಾರು ವೋಲ್ಟಿನ ಒಂದು ಕಿಡಿ. ಟಪ್ ಅಂದರೆ ತುದಿಯಿಂದ ನೇರಳಾತೀತ ಬೆಳಕು ಹೊರಡುತ್ತಿತ್ತು. ಹೊರಡುತ್ತಿತ್ತು ಅಂತ ನಾವು ಹೇಳುತ್ತಿದ್ದೆವು. ಅದು ಕಣ್ಣಿಗೆ ಕಾಣುವ ಬೆಳಕಲ್ಲ.

ಆ ಕೋಣೆಯ ಮೇಲೆ ಪ್ರಿನ್ಸಿಪಾಲರ ಕಣ್ಣು ಬಿದ್ದಿತ್ತು. ಕಾಮರ್ಸಿನವರಿಗೆ ಟೈಪಿಂಗ್ ಕ್ಲಾಸು ಶುರುಮಾಡಲು ಜಾಗ ಬೇಕಿತ್ತು. ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಬಿಳಿ ಪಂಚೆಯಲ್ಲಿ ಅವರೇ ಬಂದರು. ನಾನು ಬಾಗಿಲು ಮುಚ್ಚಿ ಗುಂಡಿ ಒತ್ತಿದೆ. ಟಪ್.

"ಎಲ್ರೀ ಬೆಳಕು?"

"ಈಗ ಹೋಯ್ತಲ್ಲ ಸಾರ್" ಅಂದರು ಪ್ರೊಫೆಸರು.

"ಯಾವಾಗ ಬಂತು?"

"ಬಂದಾಗಲೇ ಹೋಯ್ತು."

"ಬಂದಿದ್ದೂ ಕಾಣಲಿಲ್ಲ, ಹೋಗಿದ್ದೂ ಕಾಣಲಿಲ್ಲ. ನಮ್ಮ ಇಂಗ್ಲಿಷ್ ಲೆಕ್ಚರರ ಹಾಜರಿ ಇದ್ದಂಗೈತೆ."

ಹೀಗೆನ್ನುತ್ತ ಕತ್ತಲಲ್ಲಿ ನಾಲ್ಕು ಹೆಜ್ಜೆ ಇಟ್ಟರು. ನಾನು ಇನ್ನೊಮ್ಮೆ ಒತ್ತಿದೆ. ಪ್ರಿನ್ಸಿಪಾಲರ ಹೊಟ್ಟೆಯ ಮೇಲೆ ರೊಟ್ಟಿಯಗಲ ನೀಲಿ ಬೆಳಕು ಫಳ್ಳೆಂದಿತು. ಮತ್ತೊಮ್ಮೆ ಒತ್ತಿದೆ, ಮತ್ತೆ ಫಳ್ಳೆಂದಿತು. ಅವರು ಅಲ್ಲಾಡಲಿಲ್ಲ. ಬಗ್ಗಿ ತಮ್ಮನ್ನು ತಾವೇ ನೋಡಿಕೊಳ್ಳುತ್ತ ನಿಂತರು.

"ಬಟ್ಟೆ ಬಿಳುಪಿಗೆ ಅಂತ ಅಗಸರು ಹಾಕೋ ಪುಡಿ ಇದೆಯಲ್ಲ ಸಾರ್, ಅದರ ಮೇಲೆ ಈ ಬೆಳಕು ಬಿದ್ರೆ ನೀಲಿ ಹೊಳೆಯುತ್ತೆ. ಬೆಳಕು ಬಂತು ಅನ್ನೋದಕ್ಕೆ ನಿಮ್ಮ ಜುಬ್ಬನೇ ಸಾಕ್ಷಿ" ಅಂದರು ಪ್ರೊಫೆಸರು.

ಪ್ರಿನ್ಸಿಪಾಲರು ಜುಬ್ಬದ ಚುಂಗು ಎಳೆದು ನೋಡಿಕೊಂಡು, "ಎಷ್ಟು ಹೊತ್ತು ಇರ್ತೈತೆ ಇದು?" ಅಂದರು.

"ಅದನ್ನೇ ಅಳೀಬೇಕು ಸಾರ್. ಅದೊಂದು ಅಳೆದರೆ ನನ್ನ ಕೆಲಸ ಮುಗೀತು."

"ಹಂಗಾದ್ರೆ ಅಳೀರಿ. ಸಂಕ್ರಾಂತಿ ಆದ ಮೇಲೆ ಬೆಂಗಳೂರಿಂದ ಒಬ್ಬ ತಜ್ಞರನ್ನ ಕರೆಸ್ತೀನಿ. ಅವರು ಸರಿ ಅಂದ್ರೆ ಕೋಣೆ ನಿಮ್ದು. ಅಲ್ಲ ಅಂದ್ರೆ ಮರುದಿನ ಟೈಪಿಂಗ್ ಮಿಷನ್ನು ಒಳಗೆ ಬರ್ತಾವೆ."

ಹೊರಟವರು ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ನನ್ನನ್ನು ಕೇಳಿದರು: "ಪುಡಿನೇ ಅಂತೀಯೇನಪ್ಪ? ನಾನು ದಿನಾ ಬೆಳಗ್ಗೆ ಪೂಜೆ ಮಾಡ್ತೀನಲ್ಲ, ಅದರ ತೇಜಸ್ಸು ಅಂದ್ಕೊಂಡಿದ್ದೆ."

೨. ಅಸಲಿ ಗಾಳಿ

ಅಳೆಯುವುದೆಂದರೆ ಬೆಳಕನ್ನು ದಿನಕ್ಕೆ ನೂರು ಸಲ ಹುಟ್ಟಿಸಬೇಕು. ಅದಕ್ಕೆ ಸಾರಜನಕ ಬೇಕು. ಬೆಂಗಳೂರಿನಿಂದ ರೈಲಿನಲ್ಲಿ ಸಿಲಿಂಡರು ಹೊರಟಿದ್ದು ನಿಜ, ಆದರೆ ದುರ್ಗದ ಗಾಡಿಗೆ ಬದಲಿಸುವಾಗ ಚಿಕ್ಕಜಾಜೂರಿನ ಪಾರ್ಸೆಲ್ ಗುಮಾಸ್ತರು ಅದನ್ನು ತಡೆದಿದ್ದರು. ಬಿಡಿಸಿಕೊಂಡು ಬರಲು ನನ್ನನ್ನೇ ಕಳಿಸಿದರು. ಇಂಥ ಸೂಕ್ಷ್ಮ ಕೆಲಸಕ್ಕೆ ಕಾಲೇಜಿನಲ್ಲಿ ಬೇರೆ ಯಾರಿದ್ದರು?

"ಒಳಗೇನೈತ್ರಿ?" ಗುಮಾಸ್ತರು ಸಿಲಿಂಡರನ್ನು ಪೆನ್ಸಿಲಿನಿಂದ ತಟ್ಟಿದರು.

"ಗಾಳಿ."

ಅವರು ಕನ್ನಡಕವನ್ನು ಹಣೆಗೇರಿಸಿದರು. "ಬೆಂಗಳೂರಿಂದ ದುರ್ಗಕ್ಕೆ ಗಾಳಿನಾ? ಜೋಗಿಮಟ್ಟಿ ಮೇಲೆ ನಿಂತ್ರೆ ಉಟ್ಟ ಪಂಚೆ ಹೊಳಲ್ಕೆರೆಗೆ ಬಂದು ಬೀಳ್ತೈತೆ. ನಿಮ್ಮೂರಾಗೆ ಗಾಳಿಗೇನು ಬರ?"

"ಅದು ಕಲಬೆರಕೆ ಗಾಳಿ ಸಾರ್. ಐದು ಪಾಲಿನಾಗೆ ನಾಲ್ಕು ಪಾಲಷ್ಟೇ ಸಾರಜನಕ. ಇದರಾಗೆ ಐದಕ್ಕೆ ಐದೂ ಅದೇ. ಅಸಲಿ."

"ಹಾಲಿನವ್ರು ಹಾಲಿಗೆ ನೀರು ಬೆರೆಸ್ದಂಗೆ ದೇವ್ರು ಗಾಳಿಗೂ ಬೆರೆಸ್ಯಾನೆ ಅಂತೀರಿ."

"ದೇವ್ರ ಮೇಲೆ ನಾನು ದೂರು ಹೇಳಲ್ಲ ಸಾರ್. ನಮ್ಮ ಪ್ರೊಫೆಸರು ಹೇಳ್ತಾರೆ."

ಗುಮಾಸ್ತರು ಎದ್ದು ಹಿಂದಿನ ಗೋಡೆಗೆ ಒರಗಿಸಿದ್ದ ತಮ್ಮ ಸೈಕಲ್ಲನ್ನು ತಳ್ಳಿಕೊಂಡು ಬಂದರು. "ಹಂಗಾರೆ ಇದರ ಹಿಂದಿನ ಚಕ್ರಕ್ಕೆ ಒಂಚೂರು ಹಾಕ್ರಿ. ಅಸಲಿ ಹೌದೋ ಅಲ್ವೋ ನೋಡಾಣ. ಆಮೇಲೆ ಸೈನ್ ಹಾಕ್ತೀನಿ."

ನನ್ನ ಚೀಲದಲ್ಲಿ ರೆಗ್ಯುಲೇಟರೂ ರಬ್ಬರ್ ಕೊಳವೆಯೂ ಇದ್ದವು. ಸಿಲಿಂಡರಿನ ಕಿವಿ ಹಿಂಡಿ ಒಂದೇ ಒಂದು ಉಸಿರು ಬಿಟ್ಟೆ. ಪ್ಲಾಟ್‌ಫಾರಂ ಮೇಲೆ ಮಲಗಿದ್ದ ನಾಯಿ ಹೊಳಲ್ಕೆರೆ ದಿಕ್ಕಿಗೆ ಓಡಿತು, ಹಮಾಲರು ಮೂಟೆ ಇಳಿಸಿ ನಿಂತರು, ಚಕ್ರ ಕಲ್ಲಾಯಿತು. ಗುಮಾಸ್ತರು ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆದೂಗಿ ಸಹಿ ಹಾಕಿದರು.

ಅತಿಶಯ ಮಾಡುವುದು ನನ್ನ ಸ್ವಭಾವವಲ್ಲ, ಇದ್ದದ್ದನ್ನು ಹೇಳುತ್ತೇನೆ. ಆ ಗುಮಾಸ್ತರು ನಿವೃತ್ತರಾದರು, ಸೈಕಲ್ಲಿನ ಸೀಟು ಕಿತ್ತುಹೋಯಿತು, ಬೆಲ್ಲು ಮೂಕಾಯಿತು. ಹಿಂದಿನ ಚಕ್ರದ ಗಾಳಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

೩. ಎರಡು ಡಬ್ಬ ಎಣ್ಣೆಯ ದೀಪ

ಸಾವಿರಾರು ವೋಲ್ಟನ್ನು ಹಿಡಿದಿಡುವ ತಗಡುಗಳನ್ನು ಎಣ್ಣೆಯಲ್ಲಿ ಮುಳುಗಿಸಿಡಬೇಕು, ಇಲ್ಲದಿದ್ದರೆ ಕಿಡಿ ಬೇಕಾದ ಕಡೆ ಬಿಟ್ಟು ಬೇಡದ ಕಡೆಯೆಲ್ಲ ಹಾರುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹಾಕುವ ಎಣ್ಣೆಗೆ ಬರೆದು ಬರೆದು ಸಾಕಾಗಿ, "ಶೇಂಗಾ ಎಣ್ಣೆಯೂ ಕರೆಂಟನ್ನ ತಡೆಯುತ್ತೆ, ಹಿರಿಯೂರಿಗೆ ಹೋಗಿ ಬಾ" ಅಂದರು ಪ್ರೊಫೆಸರು.

ಹಿರಿಯೂರಿನ ಎಣ್ಣೆ ಮಿಲ್ಲಿನ ಸಾಹುಕಾರರು ಬಾಯಿತುಂಬ ಮಾತಾಡುವವರು. "ಬರ್ರಿ, ಕುಂತ್ಕಳ್ರಿ. ಎಷ್ಟು ಬೇಕು?"

"ಎರಡು ಡಬ್ಬ."

"ಅಡಿಗೆಗೋ, ದೀಪಕ್ಕೋ?"

ನಾನು ಯೋಚಿಸಿದೆ. ಸುಳ್ಳು ಹೇಳಬಾರದು. "ದೀಪಕ್ಕೆ" ಅಂದೆ.

"ದೇವಸ್ಥಾನದ್ದಾ? ಎಷ್ಟೊತ್ತು ಉರೀಬೇಕು?"

"ಒಂದು ಸೆಕೆಂಡನ್ನ ನೂರು ಕೋಟಿ ಚೂರು ಮಾಡ್ರಿ ಸಾಹುಕಾರ್ರೆ. ಅದರಾಗೆ ಐದು ಚೂರೋ ಹತ್ತು ಚೂರೋ. ಎಷ್ಟು ಅಂತ ಗೊತ್ತಿಲ್ಲ, ಅದನ್ನೇ ಅಳೀಬೇಕು."

ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದ ತಮ್ಮನನ್ನು ಕೂಗಿದರು. "ಲೇ, ಬಾರೋ ಇಲ್ಲಿ. ರೆಪ್ಪೆ ಬಡಿಯೋದ್ರಾಗೆ ಆರೋ ದೀಪಕ್ಕೆ ಎರಡು ಡಬ್ಬ ಎಣ್ಣೆ ಬೇಕಂತೆ. ಇವರ ಮನೆ ದೀಪಾವಳಿ ಮಾಡಿದ್ರೆ ತಾಲ್ಲೂಕಿನ ಶೇಂಗಾ ಎಲ್ಲ ಖಾಲಿ."

ಎಣ್ಣೆ ಬಂತು, ತಗಡುಗಳು ಮುಳುಗಿದವು, ನಾವು ದಿನವಿಡೀ ಟಪ್ ಟಪ್ ಅನ್ನಿಸಿದೆವು. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಹದವಾಗಿ ಕಾದು ಘಮ ವರಾಂಡಕ್ಕೆ ಬಿದ್ದಿತು. ಮೊದಲು ಗಣಿತದವರು ಬಂದು ಬಾಗಿಲಲ್ಲಿ ಇಣುಕಿದರು. ಅವರ ಹಿಂದೆ ಇತಿಹಾಸದವರು ತಟ್ಟೆ ಹಿಡಿದುಕೊಂಡೇ ಬಂದಿದ್ದರು. "ಇಲ್ಲಿ ಲೇಸರ್ ನಡೀತಾ ಇದೆ" ಅಂತ ಪ್ರೊಫೆಸರು ಗಂಭೀರವಾಗಿ ಹೇಳಿದರು. "ನಡೀಲಿ ಬಿಡ್ರಿ, ನಾವು ಕಾಯ್ತೀವಿ" ಅಂದರು ಇತಿಹಾಸದವರು.

ಇವರನ್ನೆಲ್ಲ ಸಾಗಹಾಕಿ ಬಾಗಿಲು ಹಾಕುವಷ್ಟರಲ್ಲಿ ಪ್ರಿನ್ಸಿಪಾಲರ ಜವಾನ ಬಂದ. ಕೈಯಲ್ಲಿ ಒಂದು ಪೊಟ್ಟಣ, ಅದರೊಳಗೆ ಉದ್ದನೆಯ ಹಸಿ ಮೆಣಸಿನಕಾಯಿ.

"ಸಾಹೇಬ್ರು ಕಳಿಸಿದ್ರು. ಎಣ್ಣೆ ಹೆಂಗೂ ಕಾದೈತಂತೆ, ಇವನ್ನೂ ಬಿಡಬೇಕಂತೆ."

೪. ಸೋಮಾರಿ ಪೆಟ್ಟಿಗೆ

ಬೆಳಕು ಎಷ್ಟು ಹೊತ್ತು ಇತ್ತೆಂದು ಹಸಿರು ಗೆರೆ ಬರೆದು ತೋರಿಸುವ ಒಂದು ಪೆಟ್ಟಿಗೆಯಿದೆ, ಆಸಿಲೋಸ್ಕೋಪ್ ಅನ್ನುತ್ತಾರೆ. ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಹೊಸದುರ್ಗದ ರೇಡಿಯೋ ರಿಪೇರಿಯವರು ಹರಾಜಿನಲ್ಲಿ ಹಿಡಿದ ಒಂದನ್ನು ಹೆಗಲ ಮೇಲೆ ಹೊತ್ತು ತಂದರು. ಅದನ್ನು ಮಗಳಿಗಿಂತ ಹೆಚ್ಚಾಗಿ ಸಾಕಿದ್ದರು.

ನಮ್ಮ ಬೆಳಕು ಕೊಟ್ಟೆವು. ಪರದೆಯ ಮೇಲೆ ಒಂದು ಗುಡ್ಡ ಮೂಡಿತು. ಪ್ರೊಫೆಸರ ಮುಖ ಅರಳಿತು. ಆಮೇಲೆ ಅನುಮಾನ ಬಂದು, ಲೇಸರ್ ಬಿಟ್ಟು ಬರೀ ಕಿಡಿ ಹಾರಿಸಿದರು. ಅದೇ ಗುಡ್ಡ. ಕಿಡಿಯನ್ನು ಇನ್ನಷ್ಟು ಚಿಕ್ಕದು ಮಾಡಿದರು. ಗುಡ್ಡ ಗಿಡ್ಡವಾಯಿತೇ ಹೊರತು ಅಗಲ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ರೇಡಿಯೋದವರು ಹೆಮ್ಮೆಯಿಂದ ಪೆಟ್ಟಿಗೆಯ ಬೆನ್ನು ತಟ್ಟಿದರು. "ನೋಡ್ರಿ ಇದರ ನಿಯತ್ತು. ಏನು ಕೇಳಿದ್ರೂ ಒಂದೇ ಮಾತು."

"ಇದು ಬೆಳಕನ್ನ ಅಳೀತಿಲ್ಲ ಕಣಪ್ಪ" ಅಂದರು ಪ್ರೊಫೆಸರು. "ತನ್ನ ಸೋಮಾರಿತನವನ್ನ ಅಳೆದು ತೋರಿಸ್ತಾ ಇದೆ. ಬೆಳಕು ಬಂದು ಹೋದ ಮೇಲೆ ಇದಕ್ಕೆ ಎಚ್ಚರ ಆಗುತ್ತೆ."

ಪೆಟ್ಟಿಗೆ ಹೊಸದುರ್ಗಕ್ಕೆ ವಾಪಸ್ಸಾಯಿತು. ಪ್ರೊಫೆಸರು ಎರಡು ದಿನ ಗೋಡೆಯ ಮೇಲೆ ಲೆಕ್ಕ ಬರೆಯುತ್ತ ಅಳಿಸುತ್ತ ಕಳೆದರು. ಮೂರನೆಯ ದಿನ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ನನ್ನ ತಾಯಿಯ ತವರು ಐಮಂಗಲ, ಅಲ್ಲಿ ನಮ್ಮ ಸೋದರಮಾವನ ಕುರಿ ಹಿಂಡು ಇರುವುದು ಅವರಿಗೆ ಗೊತ್ತಿತ್ತು.

"ನಿಮ್ಮ ಮಾವ ಕುರಿ ಕೂಡಿಹಾಕೋ ರೊಪ್ಪದ ಬಾಗಿಲನ್ನ ಎಷ್ಟು ಹೊತ್ತು ತೆಗೆದಿರ್ತಾನೆ ಅಂತ ಗಡಿಯಾರ ಇಲ್ಲದೆ ಹೆಂಗೆ ಹೇಳ್ತೀಯ?"

"ಮಾವನ್ನೇ ಕೇಳ್ತೀನಿ ಸಾರ್."

"ಮಾವನ್ನ ಕೇಳಂಗಿಲ್ಲ. ಬಾಗಿಲು ತೆಗೆಯೋದಕ್ಕೂ ಹಿಂಡು ಹೊರಡೋದಕ್ಕೂ ಒಂದೇ ಶಿಳ್ಳೆ ಅಂತ ಇಟ್ಕೋ. ಹಿಂಡು ಹತ್ತಿರದಿಂದ ಹೊರಟ್ರೆ ಬಾಗಿಲು ತೆರೆದಿರುತ್ತೆ. ದೂರದಿಂದ ಹೊರಟ್ರೆ ಮುಚ್ಚಿರುತ್ತೆ. ಎಷ್ಟು ದೂರಕ್ಕೆ ಹೋದಾಗ ಮುಚ್ಚಿತು ಅನ್ನೋದು ಗೊತ್ತಾದ್ರೆ, ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಅನ್ನೋದೂ ಗೊತ್ತಾಯ್ತಲ್ಲ?"

ಹೀಗೆ ನಮ್ಮ ಕೋಣೆಗೆ ಇನ್ನೊಂದು ಲೇಸರ್ ಬಂತು, ಮೊದಲನೆಯದರ ಅವಳಿ ತಮ್ಮ. ಒಂದೇ ಕಿಡಿಗೆ ಎರಡೂ ಎಚ್ಚರಾಗುತ್ತವೆ. ಅಣ್ಣನ ಬೆಳಕು ಕನ್ನಡಿಗಳ ಮೇಲೆ ಸುತ್ತಿಕೊಂಡು ತಮ್ಮನ ಮನೆಗೆ ಬರಬೇಕು. ತಮ್ಮ ಇನ್ನೂ ಎಚ್ಚರವಿದ್ದರೆ ತನ್ನ ಬಲವನ್ನೂ ಸೇರಿಸಿ ಕಳಿಸುತ್ತಾನೆ, ಮುಂದಿನ ಪರದೆಯ ಮೇಲೆ ನೀಲಿ ಜೋರಾಗುತ್ತದೆ. ಮಲಗಿಬಿಟ್ಟಿದ್ದರೆ ನೀಲಿ ಮಂಕು. ಕನ್ನಡಿಯನ್ನು ಹಿಂದಕ್ಕೆ ಸರಿಸುತ್ತ ಹೋಗಿ, ಎಲ್ಲಿ ಮಂಕಾಯಿತೋ ಅಲ್ಲಿಯವರೆಗಿನ ದಾರಿ ಅಳೆದರಾಯಿತು. ಸೆಕೆಂಡಿನ ನೂರು ಕೋಟಿ ಚೂರಿನಲ್ಲಿ ಒಂದು ಚೂರಿಗೆ ಬೆಳಕು ಓಡುವುದು ಹೆಚ್ಚುಕಡಿಮೆ ಒಂದು ಅಡಿ. ಎಷ್ಟು ಅಡಿಯೋ ಅಷ್ಟು ಚೂರು. ಅಣ್ಣನೂ ತಮ್ಮನೂ ಒಂದೇ ಅಚ್ಚಿನವರಾದ್ದರಿಂದ ತಮ್ಮನ ಆಯಸ್ಸು ಸಿಕ್ಕರೆ ಅಣ್ಣನದೂ ಸಿಕ್ಕಿತು. ಪರದೆಗೆ ಏನು ಹಾಕೋಣ ಅಂತ ಯೋಚನೆ ಬಂದಾಗ ಪ್ರಿನ್ಸಿಪಾಲರು ತಮ್ಮದೊಂದು ಹಳೆಯ ಪಂಚೆಯನ್ನೇ ಕೊಟ್ಟರು. ಊರಿನಲ್ಲಿ ಅದರಷ್ಟು ಪುಡಿ ಕಂಡ ಬಟ್ಟೆ ಬೇರೆ ಇರಲಿಲ್ಲ.

ಐಮಂಗಲಕ್ಕೆ ಹೋದಾಗ ಮಾವನಿಗೆ ಇದನ್ನೆಲ್ಲ ವಿವರಿಸಿದೆ. ಮಾವ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ನಮ್ಮ ಕುರಿ ತಡವಾದ್ರೆ ಬೇಲಿ ಹಾರಿ ಒಳಗೆ ಬರ್ತಾವೆ. ನಿಮ್ಮ ಬೆಳಕಿಗೆ ಅಷ್ಟು ಬುದ್ಧಿ ಐತಾ ಕೇಳು ಅವರನ್ನ."

೫. ಹೂವಿಲ್ಲದ ಮೊಳ

ಇನ್ನು ದಾರಿ ಅಳೆಯುವುದೊಂದು ಬಾಕಿ. ನಾನು ಧೈರ್ಯಸ್ಥ, ಸ್ಟೀಲಿನ ಟೇಪು ಎಳೆದುಕೊಂಡು ಒಳಗೆ ಹೋದೆ. ಯಂತ್ರ ಟಪ್ ಅಂದಿತು, ಟೇಪೂ ಟಪ್ ಅಂದಿತು, ಆಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆಗ ನನಗೆ ಎರಡೂ ಕಡೆ ಸುರುಳಿ ಸುತ್ತಿದ ಮೀಸೆಯಿತ್ತು. ಎಡಗಡೆಯ ಸುರುಳಿ ಬಿಚ್ಚಿ ನೆಟ್ಟಗೆ ನಿಂತಿತು. ಬೇಕಾದರೆ ಈಗಲೂ ಬಂದು ನೋಡಿ, ಎಡಗಡೆ ಎಷ್ಟು ಎಣ್ಣೆ ಹಚ್ಚಿದರೂ ಸುತ್ತುವುದಿಲ್ಲ.

"ಇನ್ನು ಈ ಕೋಣೆಯೊಳಗೆ ಲೋಹದ ಅಳತೆ ಬರಕೂಡದು" ಅಂತ ಪ್ರೊಫೆಸರು ಕಟ್ಟಪ್ಪಣೆ ಮಾಡಿದರು. ಮರದ ಅಳತೆಗೋಲು ಒಂದಿತ್ತು, ಅದರ ಎರಡು ತುದಿಗೂ ಹಿತ್ತಾಳೆ ಬಿಲ್ಲೆ ಹೊಡೆದಿದ್ದರು. ಅದಕ್ಕೂ ಬಹಿಷ್ಕಾರ. ಉಳಿದದ್ದು ದಾರ. ದಾರಕ್ಕೆ ಗಂಟು ಹಾಕಿ ಗುರುತು ಮಾಡುವವರು ಯಾರು?

ಕಾಲೇಜಿನ ಗೇಟಿನಲ್ಲಿ ಹೂವಿನಜ್ಜಿ ಕೂರುತ್ತಿದ್ದಳು. ಮೊಳಕೈಯಿಂದ ಬೆರಳ ತುದಿಗೆ ದಾರ ಎಳೆದು ಅವಳು ಕೊಡುತ್ತಿದ್ದ ಸೇವಂತಿಗೆ ಮಾಲೆಯ ಮೇಲೆ ದುರ್ಗದ ಅರ್ಧ ಮದುವೆಗಳು ನಡೆದಿದ್ದವು. ನಾನು ಮೊದಲೇ ಅವಳ ಕೈ ಅಳೆದು ನೋಡಿದ್ದೆ, ಸರಿಯಾಗಿ ಒಂದೂವರೆ ಅಡಿ.

"ಯಾವ ಹೂವಪ್ಪ?"

"ಹೂವು ಬ್ಯಾಡಜ್ಜಿ. ಮೊಳ ಅಷ್ಟೇ ಸಾಕು."

"ಹೂವಿಲ್ದ ಮೊಳನಾ? ಯಾವ ದೇವ್ರಿಗೆ?"

"ದೇವ್ರಿಗಲ್ಲ. ಬೆಳಕು ಅಳೆಯೋಕೆ."

ಅಜ್ಜಿ ನನ್ನ ಮೀಸೆ ನೋಡಿ ಅನುಮಾನಪಟ್ಟಳು. ಅಷ್ಟರಲ್ಲಿ ಪ್ರೊಫೆಸರೇ ಬಂದು, ಕೈಕಟ್ಟಿ ನಿಂತು, "ಅಜ್ಜಿ, ಮೊಳಕ್ಕೊಂದು ಗಂಟು ಹಾಕಿ ಕೊಡಬೇಕು. ನನಗೆ ಬಹಳ ಬೇಕಾದದ್ದು" ಅಂದರು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ನಿಂತೇ ಗಂಟು ಹಾಕಿದಳು. ಕೊನೆಗೆ, ಬರಿದಾರ ಕೊಡಬಾರದು ಅಂತ ತುದಿಗೊಂದು ಹಳದಿ ಸೇವಂತಿಗೆ ಕಟ್ಟಿದಳು.

ಕನ್ನಡಿಗೆ ಹೋಗಿ ಬರುವ ದಾರಿಯುದ್ದಕ್ಕೂ ಆ ದಾರ ಹಾಸಿದೆವು. ಕನ್ನಡಿ ಸರಿಸಿದೆವು. ನಾಲ್ಕನೆಯ ಗಂಟಿಗೆ ನೀಲಿ ಮಂಕಾಯಿತು. ಹತ್ತು ಸಲ ಮಾಡಿದರೂ ಅಲ್ಲೇ. ನಾಲ್ಕು ಮೊಳ, ಆರು ಅಡಿ, ಆರು ಚೂರು. ಪ್ರೊಫೆಸರು ಕಿವಿಯಿಂದ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ 'ಆರು' ಅಂತ ಬರೆದು, ಅದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು.

ಮಾರನೆಯ ದಿನ ಬಾಗಿಲು ತೆಗೆದರೆ, ಹೂವು ಕಟ್ಟಿದ್ದನ್ನು ನೋಡಿದ ನಮ್ಮ ಅಟೆಂಡರು ಯಂತ್ರದ ಮುಂದೆ ಊದುಬತ್ತಿ ಹಚ್ಚಿ ಕೈಮುಗಿದು ನಿಂತಿದ್ದ. ಪ್ರೊಫೆಸರು ಬೈಯಲಿಲ್ಲ. ಊದುಬತ್ತಿ ಸ್ಟ್ಯಾಂಡು ಹಿತ್ತಾಳೆಯದೋ ಅಂತ ಬಗ್ಗಿ ನೋಡಿ, ಬಾಳೆಹಣ್ಣಿಗೆ ಚುಚ್ಚಿದ್ದು ಕಂಡು ಸಮಾಧಾನಪಟ್ಟರು.

೬. ಬೆಂಗಳೂರಿನ ಅಡಿಕೋಲು

ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಮೇಜಿನ ಮೇಲಿರುವಾಗಲೇ ತಜ್ಞರು ಬಂದರು. ತೆಳ್ಳಗಿದ್ದರು, ಮಾತು ಕಡಿಮೆ, ಅಂಗಿಯ ಜೇಬಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಅಡಿಕೋಲು ತಲೆ ಹೊರಗೆ ಹಾಕಿತ್ತು. ಟೈಪಿಂಗ್ ಮಿಷನ್ನುಗಳು ಆಗಲೇ ವರಾಂಡದಲ್ಲಿ ಸಾಲಾಗಿ ಬಂದು ಕೂತಿದ್ದವು, ಬೀಗರ ಮನೆಯವರು ಊಟಕ್ಕೆ ಕಾಯುವ ಹಾಗೆ. ಅವುಗಳನ್ನು ದಾಟಿ ಒಳಗೆ ಬರುವಾಗ ಪ್ರೊಫೆಸರು ಆ ಕಡೆ ನೋಡಲಿಲ್ಲ.

ಬಾಗಿಲು ಮುಚ್ಚಿದೆವು. ಟಪ್, ಟಪ್, ಟಪ್. ಪಂಚೆಯ ಮೇಲೆ ನೀಲಿ ಫಳಫಳ ಅಂದಿತು. ಪ್ರಿನ್ಸಿಪಾಲರು ತಜ್ಞರ ಕಿವಿಯಲ್ಲಿ "ಪಂಚೆ ನಂದು" ಅಂದರು. ನಾನು ಕನ್ನಡಿ ಸರಿಸುತ್ತ ಹೋದೆ. ನಾಲ್ಕನೆಯ ಗಂಟಿನಲ್ಲಿ ನೀಲಿ ಮಂಕಾಯಿತು. ಮುಂದೆ ತಂದೆ, ಜೋರಾಯಿತು. ತಜ್ಞರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಸರಿಸಿ ನೋಡಿದರು. ಅಲ್ಲೇ ಮಂಕು. ಇನ್ನೂ ನಾಲ್ಕಾರು ಸಲ ನೋಡಿದರು. ಅಲ್ಲೇ.

"ಜಾಗ ಬದಲಾಗ್ತಿಲ್ಲ. ಚೆನ್ನಾಗಿದೆ" ಅಂದರು. ಕತ್ತಲಲ್ಲಿ ಪ್ರೊಫೆಸರ ಕೈ ನನ್ನ ಹೆಗಲು ಹುಡುಕಿ ಹಿಡಿಯಿತು. "ಈಗ ಹೇಳಿ, ಎಷ್ಟು?"

"ನಾಲ್ಕು ಮೊಳ ಸಾರ್" ಅಂದೆ ನಾನು.

"ಏನು?"

"ಮೊಳಕ್ಕೆ ಒಂದೂವರೆ ಅಡಿ. ಒಟ್ಟು ಆರು ಅಡಿ. ಆರು ಚೂರು."

ತಜ್ಞರು ದೀಪ ಹಾಕಿಸಿದರು. ಜೇಬಿನಿಂದ ಅಡಿಕೋಲು ತೆಗೆದು ದಾರದ ಪಕ್ಕ ಮಲಗಿಸುತ್ತ, ಬಗ್ಗಿಕೊಂಡೇ ದಾರಿಯುದ್ದಕ್ಕೂ ಹೋದರು. ನೆಟ್ಟಗಾದಾಗ ಹುಬ್ಬು ಮೇಲಿದ್ದವು. "ಇದು ಏಳು ಅಡಿ ಇದೆಯಲ್ರೀ."

ಪ್ರಿನ್ಸಿಪಾಲರು ಬಾಗಿಲಾಚೆಯ ಟೈಪಿಂಗ್ ಮಿಷನ್ನುಗಳ ಕಡೆ ಕತ್ತು ತಿರುಗಿಸಿದರು. ಪ್ರೊಫೆಸರ ಮುಖ ಗೋಡೆಯ ಮೇಲೆ 'ಆರು' ಬರೆದ ಸೀಮೆಸುಣ್ಣದಷ್ಟೇ ಬೆಳ್ಳಗಾಯಿತು. ನಾನು ಗೇಟಿಗೆ ಓಡಿ ಹೂವಿನಜ್ಜಿಯನ್ನು ಬುಟ್ಟಿಯ ಸಮೇತ ಕರೆತಂದೆ.

"ಅಜ್ಜಿ, ನಿಮ್ಮ ಕೈ ಒಂದೂವರೆ ಅಡಿ. ದಾರದಾಗೆ ಮೊಳಕ್ಕೆ ನಾಲ್ಕು ಬೆರಳು ಜಾಸ್ತಿ ಐತಲ್ಲ, ಏನಿದು?"

"ಕೊಸರು" ಅಂದಳು ಅಜ್ಜಿ. "ಮೇಷ್ಟ್ರು ಇಷ್ಟು ವರ್ಷದಾಗೆ ಒಂದಿನನೂ ನನ್ನ ಹತ್ರ ಹೂವು ಕೊಂಡೋರಲ್ಲ. ಮೊದಲ್ನೆ ಸಲ ಬಂದು, ಬಹಳ ಬೇಕಾದದ್ದು ಅಂದ್ರು. ಕೊಸರು ಹಾಕ್ದೆ ಕಳಿಸಿದ್ರೆ ನನ್ನ ಕೈಗೆ ಮರ್ಯಾದಿ ಇರ್ತೈತಾ?"

"ಕೊಸರು ಎಷ್ಟು ಅಂತ ಏನಾದರೂ ಲೆಕ್ಕ ಇದೆಯಾ?" ತಜ್ಞರು ಕೇಳಿದರು.

"ಕೊಸರಿಗೆ ಲೆಕ್ಕ ಇಟ್ರೆ ಅದು ಕೊಸರು ಹೆಂಗಾಗ್ತೈತಪ್ಪ?"

ತಜ್ಞರು ಪ್ರೊಫೆಸರ ಕಡೆ ತಿರುಗಿದರು. "ದಾರ ಯಾಕೆ ಬೇಕಿತ್ತು ನಿಮಗೆ? ಸ್ಟೀಲ್ ಟೇಪಿನಲ್ಲೇ ಅಳೀಬಹುದಿತ್ತಲ್ಲ."

"ಕಿಡಿ ಹಾರುತ್ತೆ ಸಾರ್. ಇವನ ಮೀಸೆ ನೋಡಿ."

"ಮಿಷನ್ ಆಫ್ ಮಾಡಿ ಅಳೀಬಹುದಿತ್ತಲ್ಲ?"

ಪ್ರೊಫೆಸರು ನನ್ನನ್ನು ನೋಡಿದರು. ನಾನು ಅಟೆಂಡರನ್ನು ನೋಡಿದೆ. ಅಟೆಂಡರು ಊದುಬತ್ತಿಯನ್ನು ನೋಡಿದ. ಕುರಿ ರೊಪ್ಪ, ಅವಳಿ ಲೇಸರ್, ಎರಡು ಡಬ್ಬ ಎಣ್ಣೆ, ಎಲ್ಲ ನಮ್ಮ ತಲೆಗೆ ಹೊಳೆದಿದ್ದವು. ಆರಿಸಿ ಅಳೆಯಬಹುದು ಅನ್ನುವುದು ಮಾತ್ರ ಈ ಜಿಲ್ಲೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೀಗೆ ವಿಭಾಗದ ಮಾನ ಮೂರಾಬಟ್ಟೆಯಾಗುವ ಹೊತ್ತಿಗೆ ಸರಿಯಾಗಿ ನಾನು ಮುಂದೆ ಬಂದೆ. ಇಂಥ ಹೊತ್ತಿಗೇ ಅಲ್ಲವೇ ನಾನಿರುವುದು.

"ಆಫ್ ಮಾಡಿದ್ರೆ ಬೆಳಕೇ ಇರಲ್ಲ ಸಾರ್. ಇಲ್ಲದೇ ಇರೋದನ್ನ ಅಳೆದು ಬರ್ಕೊಂಡ್ರೆ ನೀವು ಬಿಡ್ತಿದ್ರಾ?"

ತಜ್ಞರು ಹಿಂದಿದ್ದ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ನಗುವುದಕ್ಕೆ ಶುರುಮಾಡಿದರು. ನಗೆ ಮುಗಿದ ಮೇಲೆ ಕಣ್ಣೊರೆಸಿಕೊಂಡು ಎದ್ದರು.

"ದಾರ ಏನೇ ಹೇಳಲಿ, ಬೆಳಕು ಸುಳ್ಳು ಹೇಳಿಲ್ಲ. ಯಾರು ಸರಿಸಿದರೂ ಅದೇ ಜಾಗದಲ್ಲಿ ಮಂಕಾಯಿತು. ಜಾಗ ಸರಿ ಇದ್ದರೆ ಅಳತೆ ಯಾವಾಗ ಬೇಕಾದರೂ ಸಿಗುತ್ತೆ, ಈಗ ಸಿಕ್ಕಿತಲ್ಲ. ಏಳು ಅಡಿ, ಏಳು ಚೂರು."

"ಆರು ಹೋಗಿ ಏಳಾಯ್ತು ಅಂದ್ರೆ ಲಾಭವೋ ನಷ್ಟವೋ?" ಪ್ರಿನ್ಸಿಪಾಲರು ಕೇಳಿದರು.

"ಒಂದು ಜಾಸ್ತಿ."

"ಹಂಗಾದ್ರೆ ಲಾಭ. ಕೋಣೆ ಇವರಿಗೇ ಇರಲಿ." ಹೊರಗೆ ಹೋಗಿ ಜವಾನನಿಗೆ ಹೇಳಿದರು: "ಆ ಮಿಷನ್ನುಗಳ್ನ ನನ್ನ ರೂಮಿನ ಮುಂದೆ ಇಡಿಸು. ನನಗೂ ನಿದ್ದೆ ಜಾಸ್ತಿ ಆಗ್ತಿತ್ತು."

ಪ್ರೊಫೆಸರು ಗೋಡೆಯ ಮೇಲಿನ 'ಆರು' ಅಳಿಸಿ 'ಏಳು' ಅಂತ ಬರೆದರು. "ಆರೇ ಅಂದ್ಕೊಂಡಿದ್ದೆ ಕಣಪ್ಪ. ಏಳು ಬದುಕಿದೆ" ಅಂದರು. ಬೇಸಿಗೆಗೆ ನಿವೃತ್ತರಾದಾಗ ಕಾಲೇಜಿನವರು ಶಾಲು ಹೊದಿಸಿದರು. ಅವರು ಕೇಳಿ ಮನೆಗೆ ಒಯ್ದದ್ದು ಆ ಗಂಟಿನ ದಾರವನ್ನು.

ಅದಿರಲಿ, ತಜ್ಞರನ್ನು ಬಸ್ಸಿಗೆ ಹತ್ತಿಸಲು ಗೇಟಿಗೆ ಬಂದೆವು. ದುರ್ಗದ ಸೇವಂತಿಗೆ ಕಂಡು ಮನೆಗೆ ಎರಡು ಮೊಳ ಬೇಕೆಂದರು. ಅಜ್ಜಿ ಮಾಲೆ ಎತ್ತಿ ಮೊಳಕೈಗೆ ಹಿಡಿದಳು. ಅಭ್ಯಾಸಬಲ, ತಜ್ಞರು ಜೇಬಿನಿಂದ ಅಡಿಕೋಲು ತೆಗೆದು ಅವಳ ಕೈ ಪಕ್ಕಕ್ಕೆ ಹಿಡಿದರು.

ಅಜ್ಜಿ ಮಾಲೆ ಎಳೆಯುವುದನ್ನು ನಿಲ್ಲಿಸಿದಳು.

"ಸತ್ತೇಹೋಗೋ ಬೆಳಕಿಗೆ ಕೊಸರು ಹಾಕಿ ಒಂದು ಚೂರು ಆಯಸ್ಸು ಜಾಸ್ತಿ ಮಾಡಿದ ಕೈ ಇದು. ಆ ಕೋಲನ್ನ ಜೇಬಿಗೆ ಹಾಕ್ಕಳ್ರಿ. ಇಲ್ಲಾಂದ್ರೆ ಅಳತೆಗೆ ಸರಿಯಾಗಿ ಕೊಟ್ಟುಬಿಡ್ತೀನಿ."

ಬೆಂಗಳೂರಿನ ಅಡಿಕೋಲು ತಕ್ಷಣ ಜೇಬಿಗೆ ಹೋಯಿತು.